ಅಕ್ಷರಕ್ಕೆ ಇಷ್ಟು

ಮೆಡಿಕಲ್ ಕಾಲೇಜಿನ ಹೊಸ ಬ್ಲಾಕಿನ ಗೋಡೆಗೆ
ದಾನಿಗಳ ಹೆಸರು ಕೊರೆಯುವ ಕೆಲಸ ನನ್ನದು.
ಕಾರ್ಕಳದ ಕಪ್ಪು ಕಲ್ಲು, ಆರಡಿ ಉದ್ದ ನಾಲ್ಕಡಿ ಅಗಲ,
ಪಡೀಲಿನ ಶೆಡ್ಡಿನಲ್ಲಿ ಗೋಣಿ ಹಾಸಿ ಮಲಗಿಸಿದ್ದೇನೆ
ಜ್ವರದವರನ್ನು ಮಲಗಿಸಿದ ಹಾಗೆ.

ಅವರ ಲೆಕ್ಕ ಸರಳ ಉಂಟು:
ಇಪ್ಪತ್ತೈದು ಲಕ್ಷದ ಮೇಲೆ ಎರಡಿಂಚು, ಚಿನ್ನದ ಬಣ್ಣ.
ಐದಕ್ಕೆ ಒಂದಿಂಚು, ಬಿಳಿ.
ಲಕ್ಷಕ್ಕಿಂತ ಕೆಳಗಿನವರು
ರಸೀದಿಯ ಕಾಗದದಲ್ಲೇ ಇರುತ್ತಾರೆ.
ನನ್ನ ಲೆಕ್ಕ ಇನ್ನೂ ಸರಳ:
ಅಕ್ಷರಕ್ಕೆ ನಲವತ್ತು, ಒತ್ತಿಗೆ ಐದು ಜಾಸ್ತಿ.
ಹೆನ್ರಿಯೆಟ್ಟಾ ಕ್ರಾಸ್ತಾ ಬಂದರೆ ಒಳ್ಳೆಯದು.
ಬಾಬು ಪೈ ಬಂದರೆ ಮೂರೇ ಅಕ್ಷರ,
ಕೈಯೂ ನೋಯುವುದಿಲ್ಲ, ಜೇಬೂ ತುಂಬುವುದಿಲ್ಲ.

ಮೊನ್ನೆ ಒಬ್ಬರು ಟೇಪು ಹಿಡಿದುಕೊಂಡೇ ಬಂದರು.
ತನ್ನ ಹೆಸರು ಅಳೆದರು, ಅಣ್ಣನ ಹೆಸರು ಅಳೆದರು.
“ಅವನ ದೀರ್ಘ ಎಂತಕ್ಕೆ ಮಾರ್ರೆ ಇಷ್ಟು ಹೊರಗೆ ಚಾಚಿದ್ದು?”
ದೀರ್ಘ ಅಂದ ಮೇಲೆ ಚಾಚಲೇಬೇಕಲ್ಲ, ಅಂದೆ.
ನಂಬಲಿಲ್ಲ. ಫೋಟೋ ತೆಗೆದುಕೊಂಡು ಹೋದರು.

ನಗಬಾರದು.
ಅವರ ದುಡ್ಡಿನಲ್ಲೂ ರಕ್ತ ಶುದ್ಧವಾಗುತ್ತದೆ,
ನನಗೆ ಗೊತ್ತುಂಟು.

ಜಲಜಾಕ್ಷಿ ಡಯಾಲಿಸಿಸ್‌ಗೆ ಹೋದದ್ದು
ಮಂಗಳವಾರ, ಶುಕ್ರವಾರ, ಹದಿನಾಲ್ಕು ತಿಂಗಳು.
ಏಳೂಕಾಲರ ಬಸ್ಸಿನ ಕಂಡಕ್ಟರು ಕೊನೆಕೊನೆಗೆ
ಬಾಗಿಲ ಹತ್ತಿರದ ಸೀಟಿನಲ್ಲಿ ತನ್ನ ಚೀಲ ಇಟ್ಟು ಕಾಯುತ್ತಿದ್ದ.
ಬಿಲ್ಲಿನ ಅಡಿಯಲ್ಲಿ ಪ್ರತಿಸಲ ಒಂದೇ ಸಾಲು:
ಬಡರೋಗಿಗಳ ನಿಧಿಯಿಂದ ಭರ್ತಿ.
ಯಾರದ್ದು ಅದು ದುಡ್ಡು, ಕೇಳಿದೆ ಒಮ್ಮೆ.
ಕೌಂಟರಿನ ಹುಡುಗಿ ತಲೆ ಎತ್ತದೆ ಹೇಳಿದಳು,
“ಅದು ಎಲ್ಲ ಒಟ್ಟಿಗೇ ಬೀಳುವುದು ಅಂಕಲ್,
ಬೇರೆ ಬೇರೆ ತೋರಿಸಲಿಕ್ಕೆ ಬರುವುದಿಲ್ಲ.”
ಹೌದು, ಅಳಿವೆಬಾಗಿಲಲ್ಲಿ ನಿಂತು
ನೇತ್ರಾವತಿಯ ನೀರು ಎಲ್ಲಿ, ಗುರುಪುರ ಹೊಳೆಯದ್ದೆಲ್ಲಿ
ಎಂದು ಕೇಳಿದ ಹಾಗಾಯಿತು.

ಆದರೂ ಉಳಿ ಹಿಡಿದು
ಒಂದೊಂದೇ ಹೆಸರಿನ ಮುಂದೆ ಕೂತಾಗ ಕೇಳಿಯೇ ಕೇಳುತ್ತೇನೆ:
ಇವರ ಯಾವ ಅಕ್ಷರ ಅವಳ ಯಾವ ಮಂಗಳವಾರ?
ಈ ಕೊಂಬು,
ಒಂದೇ ಒಂದು ಬಂಗುಡೆ, ಡಾಕ್ಟ್ರಿಗೆ ಹೇಳಬೇಡಿ, ಅಂದ ಸಂಜೆಯೋ?
ಈ ಗುಡಿಸು,
ಮಗಳ ನಿಶ್ಚಯದ ದಿನ ತೋಳಿನ ಗಂಟಿನ ಮೇಲೆ
ಹಸಿರು ಸೆರಗು ಎಳೆದು ಕೂತ ಬೆಳಗೋ?
ಕಲ್ಲಿನ ಪುಡಿ ಹಾರುತ್ತದೆ,
ಮೂಗಿಗೆ ಕಟ್ಟಿದ ಬೈರಾಸಿನೊಳಗೆ
ನನ್ನದೇ ಉಸಿರು ಬಿಸಿ.

ಜಲಜಾಕ್ಷಿ: ನಾಲ್ಕಕ್ಷರ, ಒಂದು ಒತ್ತು.
ನೂರ ಅರವತ್ತೈದು ರೂಪಾಯಿ.
ಎಲ್ಲಿಯೂ ಕೊರೆದಿಲ್ಲ.

ಪಟ್ಟಿಯ ಕೊನೆಗೆ ಪೆನ್ಸಿಲ್ಲಿನಲ್ಲಿ ಬರೆದದ್ದು:
ಹೆಸರು ಬೇಡವೆಂದವರು ಒಬ್ಬರು.
ಎರಡಿಂಚಿನ ಜಾಗ ಖಾಲಿ ಬಿಡಿ.
ಖಾಲಿಗೆ ನನ್ನಲ್ಲಿ ರೇಟು ಇಲ್ಲ.
ಅಕ್ಷರ ಇದ್ದಲ್ಲಿ ಕಲ್ಲಿನ ಗೀರು ಅಕ್ಷರದೊಳಗೆ ಅಡಗುತ್ತದೆ,
ಇಲ್ಲದಲ್ಲಿ ಅಡಗಲಿಕ್ಕೆ ಜಾಗವಿಲ್ಲ.
ಇಡೀ ದಿನ ನೀರು ಬಿಟ್ಟು ಬಿಟ್ಟು ಉಜ್ಜಿದೆ.
ಸಂಜೆಗೆ ಅಲ್ಲಿ ನನ್ನ ಮುಖ ಬಂತು.
ಒರೆಸಿದೆ. ದಾನಿ ನಾನಲ್ಲವಲ್ಲ.

ನಾಳೆ ಟೆಂಪೋ ಬರುತ್ತದೆ.
ರಾತ್ರಿ ಬಿಲ್ಲು ಬರೆಯುವಾಗ
ಅಕ್ಷರ ಪೂರ್ತಿ ಹಿಡಿದೆ, ಒತ್ತು ಬಿಟ್ಟೆ.
ಇನ್ನೂರ ನಲವತ್ತೇಳು ಒತ್ತು,
ಸಾವಿರದ ಇನ್ನೂರ ಮೂವತ್ತೈದು ರೂಪಾಯಿ.
ಲೆಕ್ಕ ತಪ್ಪಿದೆ ಎಂದು ಆಫೀಸಿನಿಂದ ಫೋನು ಬಂದೀತು,
ತಪ್ಪಿದೆ ಎಂದೇ ಹೇಳುತ್ತೇನೆ.

ಒಂದು ಶುಕ್ರವಾರಕ್ಕೂ ಅದು ಪೂರ್ತಿ ಸಾಲದು.
ಬೆಳಿಗ್ಗೆ ಎಂಟಕ್ಕೆ ಸೂಜಿ ಹಾಕಿದರೆ
ಯಾರದೋ ಶುಕ್ರವಾರ
ಹತ್ತೂವರೆಯವರೆಗೆ ನಡೆದೀತು.