ಕೈ ಕೊಡು

ಬುಧವಾರಕ್ಕೆ ಬರೆದುಕೊಂಡಿದ್ದಾರೆ.
ಇವತ್ತು ಸೋಮವಾರ.
ಬೀದಿಗೆ ಎರಡೇ ಮೆಟ್ಟಿಲು ನಮ್ಮ ಮನೆಯಿಂದ;
ಪಕ್ಕದಲ್ಲಿ ಇಟ್ಟಿಗೆ ಪೇರಿಸಿ
ಹಳೇ ಬಾಗಿಲ ಹಲಗೆ ಒರಗಿಸಿ ಇಳಿಜಾರು ಮಾಡಿದೆ.
ರೆಡ್ ಆಕ್ಸೈಡ್ ನೆಲ ಜಾರುತ್ತದಂತೆ ಮೂರು ಕಾಲಿಗೆ.
ಮಂಡಿಯಿಂದ ಖಾಲಿ ಗೋಣಿ ತಂದೆ,
ಒದರಿದರೆ ಇನ್ನೂ ಮಣ್ಣು,
ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಆಲೂಗಡ್ಡೆ.

ಕಡ್ಲೆ ಹಿಂದೆ ಹಿಂದೆಯೇ ಬರುತ್ತಾಳೆ.
ಹಾಸಿದ ಒಂದೊಂದು ಗೋಣಿಯನ್ನೂ ಮೂಸಿ
ಸುತ್ತು ಹಾಕಿ, ಕೂತು, ಪಾಸು ಮಾಡಿ
ಮುಂದಿನದಕ್ಕೆ ಹೋಗುತ್ತಾಳೆ.
ಹನ್ನೊಂದು ತಿಂಗಳ ಮರಿ. ಎಡ ಮುಂಗಾಲು
ಒಣಗಿದ ಸೋರೆಬಳ್ಳಿಯ ಹಾಗೆ ಎಳೆದುಕೊಂಡು ಬರುತ್ತದೆ,
ಬೆರಳ ಮೇಲ್ಗಡೆ ತೇದು ತೇದು ಮಾಂಸ ಕಾಣುತ್ತದೆ.
ಡೇರಿ ಸರ್ಕಲ್ಲಿನಲ್ಲಿ ಗುದ್ದಿದ್ದು ಹಾಲಿನ ಟೆಂಪೋ.
ಮೂಳೆ ಗಟ್ಟಿಯಿದೆ, ನರ ಕಿತ್ತುಹೋಗಿದೆ ಎಂದರು ಡಾಕ್ಟರಮ್ಮ,
ಸೂಜಿ ಚುಚ್ಚಿ ತೋರಿಸಿದರು:
ಕಡ್ಲೆ ತಿರುಗಿಯೂ ನೋಡಲಿಲ್ಲ.
ನಾನು ನನ್ನ ಕಾಲು ಎಳೆದುಕೊಂಡೆ.

ಮಂಗಳವಾರ ಬಿತ್ತನೆ ಗೆಡ್ಡೆ ಕೊಯ್ಯುವ ಕೆಲಸ.
ತುಂಡಿಗೆ ಎರಡು ಕಣ್ಣಾದರೂ ಉಳಿಯಬೇಕು,
ಚಾಕು ಆಗಾಗ ಔಷಧಿ ನೀರಿಗೆ ಅದ್ದಬೇಕು.
ಇಪ್ಪತ್ತು ವರ್ಷದಿಂದ ನನ್ನ ಕೈಗೆ ಗೊತ್ತು;
ಇವತ್ತು ಎರಡು ಸಲ ಕಣ್ಣಿನ ಮೇಲೇ ಹೋಯಿತು.
ಸಾಹುಕಾರರು ನೋಡಿದರು, ಏನೂ ಅನ್ನಲಿಲ್ಲ.
ಪಕ್ಕದ ಜವರಮ್ಮ ಅಂದಳು, 'ನಾಯಿಗೆ ಅಷ್ಟೊಂದು ದುಡ್ಡಾ?'
ಸಂಘದಲ್ಲಿ ಎತ್ತಿದ್ದು ಇಷ್ಟು, ಓಲೆಯ ಮೇಲೆ ಇಷ್ಟು,
ಲೆಕ್ಕ ಒಪ್ಪಿಸಿದೆ.
ರಾತ್ರಿ ಮಗಳು ಕೇಳಿದ್ದನ್ನು ಒಪ್ಪಿಸಲಿಲ್ಲ:
'ಕತ್ತರಿಸಿದ್ದನ್ನ ಎಲ್ಲಿಗೆ ಹಾಕ್ತಾರಮ್ಮ?'

ಕಾಲು ಎಂದರೆ ತನುಜಾ ಒಪ್ಪುವುದಿಲ್ಲ.
'ಹಿಂದಿನವು ಕಾಲು. ಮುಂದಿನವು ಕೈ.'
ಕಡ್ಲೆಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಅವಳೇ ಕಲಿಸಿದ್ದು:
ಕೈ ಕೊಡು ಅಂದರೆ ಎಡಗೈ ಕೊಡುವುದು.
ಎಡಗೈ ಕೊಡಬಾರದು ಅಂತ ಅತ್ತೆ ಎಷ್ಟು ಬೈದರೂ
ಇಬ್ಬರೂ ತಿದ್ದಿಕೊಳ್ಳಲಿಲ್ಲ.
ಈಗ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ.
ಕೈ ಕೊಡುವುದಕ್ಕೆ ಇನ್ನೊಂದು ಅರ್ಥವೂ ಉಂಟಲ್ಲ,
ಒಂಬತ್ತರ ಮೇಲೆ ಅನ್ನ ಹಾಕಬೇಡಿ ಎಂದಿದ್ದರೆಂದು
ತಟ್ಟೆ ಎತ್ತಿ ಅಟ್ಟದಲ್ಲಿ ಬಚ್ಚಿಡುವಾಗ
ಬಾಲ ಆಡಿಸುತ್ತಾ ಕಡ್ಲೆ ನನ್ನ ಮುಖ ನೋಡಿದಳು,
ಆ ಅರ್ಥ ನನಗೆ ಬಂದು ತಾಗಿತು.

ಇರ್ಷಾದಣ್ಣ ಆಟೋ ತಂದ, ಬಾಡಿಗೆ ಬೇಡ ಎಂದ.
'ಇದಕ್ಕೂ ಮೂರೇ ಗಾಲಿ ಕಣಕ್ಕ,
ಹಾಸನ ಪೂರ್ತಿ ತಿರುಗ್ತದೆ.'
ನಕ್ಕೆ. ಆಸ್ಪತ್ರೆಯ ಗೇಟು ಬರುವ ತನಕ
ತೆಗೆಯುವುದು ಮರೆತು
ನಗು ಮುಖದ ಮೇಲೇ ಇತ್ತು.

'ಎಡ ತಾನೇ?' ಮೂರು ಸಲ ಕೇಳಿದರು.
ಮೂರು ಸಲವೂ ಹೌದು ಎಂದವಳು ನಾನೇ.
ನೀಲಿ ಪೆನ್ನಿನಲ್ಲಿ ಭುಜದ ಕೆಳಗೆ ಗೀಟು ಎಳೆದರು;
ಕಡ್ಲೆ ಪೆನ್ನು ನೆಕ್ಕಿದಳು.

ಮೊದಲ ರಾತ್ರಿ, ಮಗಳ ಹಳೇ ಯೂನಿಫಾರ್ಮು ತೊಟ್ಟು,
ಒಂದು ತೋಳಿಗೆ ಗಂಟು,
ಯಾವ ಕಡೆ ಮಲಗಬೇಕೆಂದು ತಿಳಿಯದೆ ಕುಂಯ್‌ಗುಟ್ಟಿದಳು.
ನಾಯಿ ಹೊಸ್ತಿಲು ದಾಟಬಾರದು ಎಂದಿದ್ದ ಅತ್ತೆ
ಗೋಣಿಯ ಪಕ್ಕ ಕಾಲು ಚಾಚಿ
ಬೆಳಕು ಹರಿಯುವ ತನಕ ಎಲೆ ಅಡಿಕೆ ಜಗಿದರು.

ಮಾರನೇ ದಿನ ಎದ್ದಳು, ಬಿದ್ದಳು,
ಬಿದ್ದದ್ದೂ ಗೋಣಿ ಇಲ್ಲದ ಜಾಗದಲ್ಲೇ.
ಐದನೇ ದಿನ ನನ್ನ ಇಳಿಜಾರನ್ನು ಕಣ್ಣೆತ್ತಿಯೂ ನೋಡದೆ
ಮೆಟ್ಟಿಲು ಹಾರಿ, ಬೀದಿಯ ಕೋಳಿಗೆ ಕಷ್ಟ ಕೊಟ್ಟು ಬಂದಳು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಸಂಜೆ
ಹೋಂವರ್ಕಿನಿಂದ ತಲೆ ಎತ್ತದೆ, ರೂಢಿಯ ಮೇಲೆ,
ತನುಜಾ ಅಂದುಬಿಟ್ಟಳು:
ಕೈ ಕೊಡು.
ಅಂದವಳು ನಾಲಿಗೆ ಕಚ್ಚಿಕೊಂಡಳು.

ಕಡ್ಲೆ ನೆಟ್ಟಗೆ ಕೂತಳು.
ಬೋಳಿಸಿದ ತೊಗಲಿನ ಒಳಗೆ
ಹೆಗಲ ಮೂಳೆ ಎದ್ದು, ಮುಂದಕ್ಕೆ ಬಂದು,
ಅಲ್ಲೇ ಕಾಯಿತು.

ಮಗಳು ಪೆನ್ಸಿಲು ಕೆಳಗಿಟ್ಟಳು.
ಬರೀ ಗಾಳಿಯಲ್ಲಿ, ಮೊದಲಿನಷ್ಟೇ ಎತ್ತರದಲ್ಲಿ
ಅಂಗೈ ಒಡ್ಡಿ, ಹಿಡಿದು,
ಎರಡು ಸಲ ಕುಲುಕಿದಳು.

ಗೋಡೆಗೆ ಒರಗಿದ್ದ ಅತ್ತೆ ಗೊಣಗಿದರು:
'ಎಡಗೈ ಕಣೆ ಅದು.'