ಸುತ್ತಿದ್ದು ಸಾಕು

ಲುಸಾಟಿಯ, ಕಲ್ಲಿದ್ದಲ ಸೀಮೆ. ಗಣಿ ಮುಚ್ಚಿ ಕೆರೆಯಾಗಿದೆ.
ತಂಪುಗೋಪುರ ಎರಡನ್ನೂ ಹೋದ ವರ್ಷ ಕೆಡವಿದರು.
ಬೆಂಚು ಹಾಕಿಕೊಂಡು ನೋಡಿದೆವು, ಕೇಕು ತಿಂದೆವು.
ಹಾಂಜಾ ಮಾತ್ರ ತಿನ್ನಲಿಲ್ಲ.
ಮೂವತ್ತೊಂದು ವರ್ಷ ಟರ್ಬೈನಿನ ಮುಂದೆ ಕೂತವಳು
ಧೂಳು ಇಳಿಯುವ ತನಕ ಸುಮ್ಮನಿದ್ದು ಅಂದಳು:
"ಹಬೆ ಪಾಪ, ಸುತ್ತಿದ್ದೇ ಸುತ್ತಿದ್ದು.
ಒಂದು ಸಲ ನೆಟ್ಟಗೆ ಹೋಗಲಿ."

ಹೀಗೆ ಶುರು.
ನಾನು ಅವಳ ತಂಗಿಯ ಗಂಡ, ಲೇತಿನವನು,
ಎಡಗೈಯಲ್ಲಿ ನಾಲ್ಕೂವರೆ ಬೆರಳು.
ಕೇಳಿದ್ದು ಒಂದೇ: ಬೆಂಕಿ ಎಲ್ಲಿ?
"ಬೆಂಕಿ ಹೊರಗೆ. ಒಳಗೆ ನೀರು, ಒಂಬತ್ತು ಲೀಟರ್.
ಕುದಿಯಬೇಕು ಅನ್ನಿಸಬೇಕು ಅದಕ್ಕೆ,
ಕುದಿಯಲು ಬಿಡಬಾರದು."
ಇನ್ನೂರೈವತ್ತೇಳು ಡಿಗ್ರಿ, ನಲವತ್ತೈದು ಬಾರ್,
ಆಮೇಲೆ ಬಾಯಿ ತೆರೆದರೆ
ಅಷ್ಟೂ ಹೊತ್ತು ನುಂಗಿಕೊಂಡ ಮಾತು ಒಟ್ಟಿಗೆ.
ನೀರಲ್ಲಿ ಹೋಮ ಎಂದು ಊರು ನಕ್ಕಿತು.

ಅಡುಗೆಮನೆಯ ಮೇಜಿನ ಮೇಲೆ ಗೀಟುಕಾಗದ.
ಗಂಟಲು ಹನ್ನೊಂದು ಮಿಲಿಮೀಟರ್,
ಅಲ್ಲಿಂದ ತುತ್ತೂರಿಯಂತೆ ಅಗಲ.
ಎಷ್ಟು ಅಗಲ, ಅದೇ ಜಗಳ.
ಮೊದಲ ನಳಿಕೆಯನ್ನು ನಾನು ಚಂದಕ್ಕೆ ಕಡೆದೆ;
ಕಿರುಬೆರಳು ತೂರಿಸಿ, ಒಳಗಿನ ಒಂದು ಗೀರು ಹುಡುಕಿ
ವಾಪಸ್ ಕೊಟ್ಟಳು.
ಮೂರನೆಯದಕ್ಕೆ ಏನೂ ಅನ್ನಲಿಲ್ಲ.
ಅವಳಲ್ಲಿ ಅದು ಹೊಗಳಿಕೆ.

ಸಿಲಿಂಡರಿಗೆ ಮೊದಲು ತಣ್ಣೀರಿನ ಪರೀಕ್ಷೆ.
ಕೈಪಂಪು ಒತ್ತಿ ಒತ್ತಿ ತೊಂಬತ್ತು ಬಾರ್, ರಟ್ಟೆ ಬಿದ್ದುಹೋಯಿತು.
ಬೆಸುಗೆಯ ಕೆಳಗೊಂದು ಹನಿ.
"ತಣ್ಣೀರು ಸಿಡಿಯುವುದಿಲ್ಲ, ಅಳುತ್ತದೆ ಅಷ್ಟೆ," ಅಂದಳು,
"ಅಳುವಾಗಲೇ ಕೇಳಿಸಿಕೋ."
ಕಿತ್ತು ಮತ್ತೆ ಬೆಸೆದೆ.

ನವೆಂಬರಿನಲ್ಲಿ ಪಿನ್ನು ಕಚ್ಚಿಕೊಂಡಿತು.
ಹಗ್ಗ ಎಳೆದರೆ ಹಗ್ಗ ಬಂತು, ಪಿನ್ನು ಬರಲಿಲ್ಲ.
ಉರಿ ಆರಿಸಿದೆವು. ಆದರೆ ನಲವತ್ತೈದು ಬಾರ್ ಅಲ್ಲೇ ಇದೆ,
ಹಳೆಯ ಹಂದಿಗೂಡಿನ ಹಿಂದೆ, ಉಸಿರು ಬಿಗಿಹಿಡಿದು.
ಹತ್ತಿರ ಹೋಗುವ ಹಾಗಿಲ್ಲ.
ಮನೆಗೂ ಹೋಗುವ ಹಾಗಿಲ್ಲ, ಯಾರ ಮಗುವೋ ನಾಯಿಯೋ ಬಂದೀತು.
ರೈಲುಹಲಗೆಯ ಗೋಡೆಯ ಮರೆಯಲ್ಲಿ ರಾತ್ರಿಯಿಡೀ ಇಸ್ಪೀಟು.
ಆಟಕ್ಕೊಮ್ಮೆ ದುರ್ಬೀನು ಎತ್ತಿ ಮಾಪಕದ ಮುಳ್ಳು ನೋಡಿ ಬರೆದಳು:
ಮೂವತ್ತಾರು.
ಇಪ್ಪತ್ತೆಂಟು. ಹದಿನೇಳು.
ಬೆಳಗಿನ ಮೂರಕ್ಕೆ ಸೊನ್ನೆ. ನಾನು ಹನ್ನೆರಡು ಯೂರೊ ಸೋತಿದ್ದೆ.
ಆ ರಾತ್ರಿ ಗಂಡನ ಮಾತು ಎತ್ತಿದಳು, ಮೊದಲ ಸಲ,
ಎಲೆ ಹಂಚುತ್ತಾ, ಹವೆಯ ಮಾತಾಡುವವಳ ಹಾಗೆ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಜನವರಿ. ಮೈನಸ್ ಹದಿನಾಲ್ಕು.
ಮೋಟಾರನ್ನು ಹಳಿಗಾಡಿಗೆ ಅಡ್ಡಡ್ಡ ಬಿಗಿದು
ಹಿಂದೆ ಕೊಕ್ಕೆಗೆ ಸಿಕ್ಕಿಸಿದ್ದು ಹಂದಿ ತೂಗುವ ತಕ್ಕಡಿ,
ನನ್ನ ಅಣ್ಣ ಹಾಂದ್ರಿಯದು, ಹೇಳದೆ ತಂದದ್ದು.
ಅವಳು ಎಳೆದಳು.

ಸೀಮೆಯ ಬಟ್ಟೆಯನ್ನೆಲ್ಲ ಒಂದೇ ಏಟಿಗೆ ಹರಿದ ಸದ್ದು.
ಬಿಳಿಯ ಕಂಬವೊಂದು ಅಡ್ಡ ಬಿದ್ದು
ಬೀಳುತ್ತಲೇ ಇತ್ತು, ಎಂಟು ಸೆಕೆಂಡ್.
ಗಾಡಿ ಎಲ್ಲಿಗೂ ಹೋಗಲಿಲ್ಲ;
ಹೋಗಬೇಕೆಂಬ ಆಸೆ ಎಷ್ಟು ತೂಕ ಅಂತ ಗೊತ್ತಾಯಿತು.
ಕಾಗೆಗಳು ಎದ್ದು ಹೋದವು. ನಿಶ್ಶಬ್ದ.
ಆಮೇಲೆ ಹಿಮ.
ಮೋಡವೇ ಇಲ್ಲದ ಆಕಾಶದಿಂದ ನಮ್ಮದೇ ಹಿಮ,
ಹಂದಿಗೂಡಿನ ಅಂಗಳದಷ್ಟಕ್ಕೆ ಮಾತ್ರ,
ಅವಳ ಟೋಪಿಯ ಮೇಲೆ, ಹುಬ್ಬಿನ ಮೇಲೆ.
ಅರವತ್ತೆಂಟರ ಹೆಂಗಸು ನಾಲಗೆ ಚಾಚಿ ಒಂದು ಕಣ ಹಿಡಿದಳು.
"ಗ್ಯಾಸ್ಕೆಟ್ಟಿನ ರುಚಿ," ಅಂದಳು.

ಮೂವತ್ತೆಂಟು ಕಿಲೋ. ಗ್ರೀಸಿನಲ್ಲಿ ಮುಳ್ಳು ಎಳೆದ ಗೆರೆಯೇ ಸಾಕ್ಷಿ.
ಪುಸ್ತಕದಲ್ಲಿ ಬರೆದು, ಕೆಳಗೆ ಗೀಟೆಳೆದು,
ಪಕ್ಕದಲ್ಲಿ: ಗಂಟಲು ಹನ್ನೆರಡು ಮಾಡಬೇಕು.

ಆ ಜಗ್ಗಿಗೆ ತಕ್ಕಡಿಯ ಸ್ಪ್ರಿಂಗು ಹಿಗ್ಗಿಹೋಗಿದೆ.
ಅಣ್ಣ ಇನ್ನೂ ಗಮನಿಸಿಲ್ಲ.
ಈ ವರ್ಷ ಅವನ ಹಂದಿಗಳೆಲ್ಲ ಎರಡೆರಡು ಕಿಲೋ ಹೆಚ್ಚು;
ಖುಷಿಯಲ್ಲಿದ್ದಾನೆ.