ಬೆಂಕಿಕಡ್ಡಿಯ ಅಳತೆ

ಐಸಿಲ್ಡಾ ಅಜ್ಜಿಯ ಸೀಸೆಗೆ ಲೇಬಲ್ ಇರಲಿಲ್ಲ.
ಹಳೇ ಕೆಮ್ಮಿನ ಔಷಧಿಯ ಸೀಸೆ, ಬಿರಡೆಯ ಬದಲು
ಜೋಳದ ದಿಂಡು,
ಕುತ್ತಿಗೆಗೆ ಸುತ್ತಿದ ಕೆಂಪು ದಾರ.
ಒಳಗೆ ಬಿಳಿ ರಮ್ಮು, ರಮ್ಮಿನಲ್ಲಿ ಸೊಪ್ಪು,
ಸೊಪ್ಪಿನ ಹಸಿರೆಲ್ಲ ಕೆಳಗಿಳಿದು
ಪಾಚಿಗಟ್ಟಿದ ಕೊಳದ ಬಣ್ಣ.

ಒಲೆಯ ಹತ್ತಿರ ತರಬೇಡ ಅನ್ನುವಳು,
ಅದರ ಉಸಿರಿಗೂ ಬೆಂಕಿ ಹತ್ತುತ್ತೆ.
ಹಗಲು ತೋರಿಸಬೇಡ. ದಿನಕ್ಕೊಮ್ಮೆ ಅಲುಗಿಸು,
ಜೋರಾಗಲ್ಲ, ಮಲಗಿದ ಕೂಸನ್ನು ಮಗ್ಗುಲು ಬದಲಿಸುವಷ್ಟು.
ಎಷ್ಟು ದಿನ ಅಜ್ಜಿ?
ಕೋಳಿ ಕಾವಿಗೆ ಕೂರುವಷ್ಟು.

ಹೆಸರು ನಮ್ಮದಲ್ಲವಂತೆ.
ಅಜ್ಜಿಯ ಅಜ್ಜಿಯ ಕಾಲಕ್ಕೆ ಹಡಗಿಳಿದವರು
ಕಬ್ಬಿನ ಗದ್ದೆಗೆ ಮೈಯನ್ನು ಒತ್ತೆಯಿಟ್ಟು
ಬಾಯಲ್ಲಿ ತಂದ ಮಾತು: ಗಾಂಜಾ.
ಊರ ಹೆಸರು ಮರೆತರು, ಮೊಮ್ಮಕ್ಕಳಿಗೆ ಭಾಷೆ ಹೋಯಿತು,
ಈ ಎರಡಕ್ಷರ ಮಾತ್ರ
ಬೇರು ಬಿಟ್ಟುಕೊಂಡು ಇಲ್ಲೇ ಉಳಿಯಿತು.

ಸಂಜೆ ಹೆಜೆಕಾಯ ಬರುತ್ತಿದ್ದ.
ನಲವತ್ತು ವರ್ಷ ಕಬ್ಬು ಕಡಿದ ಕೈ,
ಬೆರಳು ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು.
ಅಜ್ಜಿ ಬೆಂಕಿಕಡ್ಡಿ ಅದ್ದಿ
ಅವನ ನಾಲಿಗೆಯಡಿಗೆ ಮೂರು ಹನಿ ಇಳಿಸುವಳು.
ನುಂಗಬೇಡ. ಮಾತಾಡಬೇಡ.
ಸೇಂಟ್ ಥಾಮಸ್ ಪ್ಯಾರಿಷ್‌ನಲ್ಲಿ
ಹೆಜೆಕಾಯ ಸುಮ್ಮನಿದ್ದುದನ್ನು ಕಂಡವರು
ನಾವಿಬ್ಬರೇ.

ನಾನು ಇಪ್ಪತ್ತೆರಡಕ್ಕೆ ಫಾರ್ಮಸಿ ಓದುತ್ತಿದ್ದೆ,
ಅಂದರೆ ಎಲ್ಲ ಗೊತ್ತಿತ್ತು.
ಒಂದು ಚಮಚ, ಶುಂಠಿ ಚಹಾದಲ್ಲಿ ಕಲಸಿ ಕುಡಿದೆ.
ಇಪ್ಪತ್ತು ನಿಮಿಷ. ಏನೂ ಇಲ್ಲ.
ಇದೇನು ಬರೀ ಸೊಪ್ಪಿನ ನೀರು ಎಂದು ಇನ್ನೊಂದು ಚಮಚ.
ಹೊಟ್ಟೆಯ ದಾರಿ ಸುತ್ತುಬಳಸು ಎಂದು
ಯಾವ ಪುಟದಲ್ಲೂ ಓದಿರಲಿಲ್ಲ, ಅಥವಾ ಓದಿ ಮರೆತಿದ್ದೆ.
ಹನಿ ಹನಿ ಕೂಡಿದರೆ ಹಳ್ಳ;
ಒಂದೂವರೆ ತಾಸಿನ ಮೇಲೆ ಆ ಹಳ್ಳಕ್ಕೆ ನಾನೇ ಬಿದ್ದೆ.
ಎದೆ ತಗಡಿನ ಮೇಲೆ ಆಲಿಕಲ್ಲು,
ಗೋಡೆ ಉಸಿರಾಡಿತು, ಸತ್ತೆನೆಂದು ಕೂಗಿದೆ.
ಅಜ್ಜಿ ನಗಲಿಲ್ಲ. ಒದ್ದೆ ಬಟ್ಟೆ ಹಣೆಗಿಟ್ಟು
ಬೆಳಗಿನವರೆಗೆ ಬಟಾಣಿ ಸುಲಿಯುತ್ತ ಕೂತಿದ್ದಳು.
ನಗು ಬಂದದ್ದು ಮಾರನೆಯ ದಿನ,
ಅದೂ ಚರ್ಚಿನಲ್ಲಿ, ಪ್ರಾರ್ಥನೆಯ ಮಧ್ಯೆ.

ತಾತ ಎಗ್ಬರ್ಟನಿಗೆ ಇದೇ ಸೊಪ್ಪು, ಅಂಗೈಯಷ್ಟು,
ಹದಿನೆಂಟು ತಿಂಗಳ ಜೈಲು.
ಆ ದಿನಗಳಲ್ಲಿ ಸೀಸೆ ಇದ್ದದ್ದು
ಕಚ್ಚುವ ಕೋಳಿಯೊಂದರ ಕೆಳಗೆ.
ಅವನು ಒಳಗಿರುವಾಗಲೇ ಒಂದು ರಾತ್ರಿ
ಶಿಕ್ಷೆ ಕೊಟ್ಟ ಸಾಹೇಬರ ಅಡುಗೆಯವಳು ಹಿತ್ತಿಲಿಗೆ ಬಂದಳು:
ಅಮ್ಮನವರ ಮಂಡಿಗೆ, ಯಾರಿಗೂ ಹೇಳಬೇಡ.
ಕೊಟ್ಟೆಯಾ?
ಕೊಟ್ಟೆ, ಅರ್ಧಕ್ಕರ್ಧ ನೀರು ಬೆರೆಸಿ.
ದುಡ್ಡು ಮಾತ್ರ ಪೂರ್ತಿ ತಗೊಂಡೆ.

ಈಗ ಮೊರಾಂಟ್ ಬೇಯ ಅಂಗಡಿಯಲ್ಲಿ
ನಾನು ಬಿಳಿ ಕೋಟು ತೊಟ್ಟು ಮಾರುತ್ತೇನೆ.
ಕಂದು ಗಾಜು, ಗಾಜಿನ ಡ್ರಾಪರ್, ಮಿಲಿಗ್ರಾಮಿನ ಲೆಕ್ಕ,
ಸರ್ಕಾರದ ಮುದ್ರೆ.
ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ? ವಾಹನ ಓಡಿಸ್ತೀರಾ?
ಮೊದಲು ಡಾಕ್ಟರನ್ನು ಕೇಳಿ.
ಚೂರೇ ಚೂರು ತಗೊಳ್ಳಿ, ಆಮೇಲೆ ಕಾಯಿರಿ,
ಇನ್ನೂ ಕಾಯಿರಿ, ಪುಸ್ತಕದಲ್ಲಿ ಬರೆದಿಡಿ.
ನನ್ನ ಬಾಯಲ್ಲಿ ಯಾರದೋ ದನಿ.
ಗಡಿಯಾರ ನೋಡುವವರಿಗೆ ಎರಡು ಸಲ ಹೇಳುತ್ತೇನೆ.

ಅಜ್ಜಿಯ ಕೊನೆಯ ಸೀಸೆ ಮನೆಯಲ್ಲಿದೆ, ಎರಡು ಬೆರಳಷ್ಟು.
ಅದರ ಬಲವೆಷ್ಟೋ ಯಾವ ತಕ್ಕಡಿಗೂ ಒಪ್ಪಿಸಿಲ್ಲ,
ಯಾರಿಗೂ ಕೊಡುವುದಿಲ್ಲ.
ಹೆಜೆಕಾಯನಿಗೆ ಡಾಕ್ಟರ ಚೀಟಿಯ ಮೇಲೆ ಅಂಗಡಿಯದ್ದು ಒಯ್ದೆ.
ಮುಚ್ಚಳವನ್ನು ಒತ್ತಿ ತಿರುಗಿಸಬೇಕು, ಮಕ್ಕಳ ಸುರಕ್ಷತೆಗೆ.
ರಬ್ಬರು ಹಿಂಡಬೇಕು.
ಆ ಬೆರಳುಗಳು ಎರಡನ್ನೂ ಒಲ್ಲವು.
ಮೆಟ್ಟಿಲ ಮೇಲೆ ಕೂತಿದ್ದಾನೆ, ಬಾಯಿ ತೆರೆದು,
ನಾಲಿಗೆ ಮೇಲೆತ್ತಿ, ಮರಿಹಕ್ಕಿಯಂತೆ,
ಆಗಲೇ ಮಾತು ನಿಲ್ಲಿಸಿ.

ನಾನು ಒಳಗೆ
ಬೆಂಕಿಪೆಟ್ಟಿಗೆ ಹುಡುಕುತ್ತಿದ್ದೇನೆ.